ಹದಿನೇಳನೆಯ ಮಹಡಿ ಮತ್ತು ನೆಲಮಹಡಿ: ಟೊರಾಂಟೊ ದಡದ ಕಾಂಡೊದಲ್ಲಿ ಹನ್ನೊಂದು ಚಳಿಗಾಲ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ಅಂಕಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ. ಮನೆಗೆ ಐದಕ್ಕೆ ಎರಡೂವರೆ, ಮನೆಯೆದುರಿನ ದಡಕ್ಕೆ ನಾಲ್ಕು. ದಯವಿಟ್ಟು ಎರಡನ್ನೂ ಸೇರಿಸಿ ಸರಾಸರಿ ತೆಗೆಯಬೇಡಿ. ಮಾರುವವರು ಹಾಗೆ ಸೇರಿಸಿಯೇ ಮಾರುತ್ತಾರೆ, ನಾನೂ ಹಾಗೆ ನಂಬಿಯೇ ಕೊಂಡೆ.

2014ರ ಅಕ್ಟೋಬರಿನಲ್ಲಿ ಕ್ವೀನ್ಸ್ ಕೀ ರಸ್ತೆಯ ಒಂದು ಗೋಪುರದ ಹದಿನೇಳನೆಯ ಮಹಡಿಯಲ್ಲಿ 640 ಚದರಡಿಯ ಕಾಂಡೊ, ಅಂದರೆ ಸ್ವಂತಕ್ಕೆ ಕೊಳ್ಳುವ ಫ್ಲಾಟು, ತೆಗೆದುಕೊಂಡೆವು. ಕಟ್ಟಡಕ್ಕೆ ಆಗ ಆರು ವರ್ಷ. ಊರ ಹೊರಗಿನ ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ನೆಲೆಸಿದ್ದ ಕನ್ನಡದ ಗೆಳೆಯರದ್ದೆಲ್ಲ ಒಂದೇ ರಾಗ: ಆ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಹಿತ್ತಲಿರುವ ಮನೆ ಬರುತ್ತದೆ, ಕರಿಬೇವಿನ ಕುಂಡ ಇಡಲಾದರೂ ಜಾಗ ಇರುತ್ತದೆ. ನಾವು ಆಗ್ನೇಯಕ್ಕೆ ತೆರೆದ ಗಾಜಿನ ಗೋಡೆಯನ್ನೂ ಅದರಾಚೆಗಿನ ಒಂಟಾರಿಯೊ ಸರೋವರವನ್ನೂ ನೋಡಿ ಮರುಳಾಗಿದ್ದೆವು.

ಮೂರನೆಯ ವರ್ಷ ಪೂರ್ವಕ್ಕೊಂದು ಕ್ರೇನ್ ಬಂದಿತು. ಐದನೆಯ ವರ್ಷದ ಹೊತ್ತಿಗೆ ಸೂರ್ಯೋದಯದ ಜಾಗದಲ್ಲಿ ಯಾರದೋ ಬಾಲ್ಕನಿ, ಅದರಲ್ಲಿ ಮಡಚಿಟ್ಟ ಸೈಕಲ್ಲು. ಕೊಂಡಾಗ ನಮ್ಮ ಪತ್ರಗಳಲ್ಲಿ ಎಲ್ಲಿಯೂ ಸರೋವರದ ಹೆಸರಿರಲಿಲ್ಲ ಎಂಬುದನ್ನು ಆಗ ಮತ್ತೆ ತೆಗೆದು ಓದಿ ಖಚಿತಪಡಿಸಿಕೊಂಡೆ. ದಕ್ಷಿಣಕ್ಕೆ ಇನ್ನೂ ಒಂದು ಸೀಳು ನೀರು ಕಾಣುತ್ತದೆ. ಅಮ್ಮ ಬಂದಾಗ ಕುರ್ಚಿಯನ್ನು ಅದೇ ಮೂಲೆಗೆ ಎಳೆದು ಹಾಕುತ್ತೇನೆ.

ಮನೆಯ ಒಳಗಿನ ಕಥೆ. ನೆಲದಿಂದ ಚಾವಣಿಯವರೆಗಿನ ಗಾಜು ಫೋಟೊದಲ್ಲಿ ಚೆಂದ. ಜನವರಿಯಲ್ಲಿ ಹೊರಗೆ ಮೈನಸ್ ಹದಿನೆಂಟು ಇರುವಾಗ ಸಾರಿನ ಆವಿ ಹೋಗಿ ಗಾಜಿಗೆ ಹತ್ತಿ, ಜಾರಿ, ಅಲ್ಯೂಮಿನಿಯಂ ಚೌಕಟ್ಟಿನ ಬುಡದಲ್ಲಿ ಬೆರಳಗಲದ ಮಂಜುಗಡ್ಡೆಯಾಗಿ ಕೂರುತ್ತದೆ. ಚಳಿಗಾಲದುದ್ದಕ್ಕೂ ಅಲ್ಲಿ ಒಂದು ಹಳೆಯ ಟವೆಲ್ ಇಟ್ಟಿರುತ್ತೇನೆ, ಬೆಳಿಗ್ಗೆ ಎದ್ದು ಹಿಂಡುತ್ತೇನೆ. ಎರಡು ಗಾಜುಗಳ ನಡುವಿನ ಅಂಟು ಸಡಿಲಾಗಿ ಒಂದು ಕಿಟಕಿ ಪೊರೆ ಬಂದ ಕಣ್ಣಿನಂತಾಗಿದೆ. ಬದಲಾಯಿಸಿ ಎಂದು ನಿರ್ವಹಣೆಯವರಿಗೆ ಬರೆದು ಎರಡು ವರ್ಷವಾಯಿತು. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಸೋಸಿದಂತೆ ಮಾಡಿ ನಮ್ಮ ಮುಖಕ್ಕೇ ಊದುತ್ತದೆ. ಹೀಗಾಗಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವ ದಿನ ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಹೊಗೆಯ ಅಲಾರಂ ಕೆಳಗೆ ಪತ್ರಿಕೆ ಬೀಸುತ್ತಾ ನಿಲ್ಲುವುದು ನಮ್ಮ ಮನೆಯ ವಾಡಿಕೆ.

ಮನೆಗಳನ್ನು ಬೆಚ್ಚಗಿಡಲೂ ತಂಪಾಗಿಡಲೂ ಕಟ್ಟಡಕ್ಕೆಲ್ಲ ಒಂದೇ ಜೋಡಿ ಕೊಳವೆ. ಅದರಲ್ಲಿ ಬಿಸಿನೀರು ಹರಿಯಬೇಕು, ಇಲ್ಲವೇ ತಣ್ಣೀರು. ವಸಂತದಲ್ಲಿ ಒಂದು ದಿನ ನಿಗದಿ ಮಾಡಿ ಬಿಸಿಯಿಂದ ತಂಪಿಗೆ ತಿರುಗಿಸುತ್ತಾರೆ. ಆ ದಿನಕ್ಕೆ ಮುಂಚೆಯೇ ಸೆಕೆ ಬಂದರೆ ಗಾಜಿನ ಪೆಟ್ಟಿಗೆಯೊಳಗೆ ಬೇಯುವುದು ನಮ್ಮ ಕರ್ಮ. ಇದರಲ್ಲಿ ನನಗೆ ಉರಿಯುವುದು ಇನ್ನೊಂದು. 2004ರಿಂದ ಇದೇ ಸರೋವರದ ಆಳದಲ್ಲಿ, 83 ಮೀಟರ್ ಕೆಳಗಿನಿಂದ ಎಳೆದ ನಾಲ್ಕು ಡಿಗ್ರಿಯ ನೀರಿನ ತಂಪನ್ನು ಬಳಸಿ ನಗರದ ನಡುವಿನ ದೊಡ್ಡ ದೊಡ್ಡ ಕಚೇರಿಗಳನ್ನು ತಣ್ಣಗಿಡುತ್ತಾರೆ. ಆ ನೀರನ್ನು ನೋಡುತ್ತಾ ಕುಳಿತ ನಾವು ಬೆವರು ಒರೆಸಿಕೊಳ್ಳುತ್ತೇವೆ.

ತಿಂಗಳ ನಿರ್ವಹಣಾ ಶುಲ್ಕ 395 ಡಾಲರ್ ಇದ್ದದ್ದು ಈಗ 655. ನಡುವೆ 2021ರಲ್ಲಿ ಅದೇ ಕೊಳವೆಗಳ ದುರಸ್ತಿಗೆಂದು ತಲಾ 4,200 ಡಾಲರ್ ವಿಶೇಷ ವಂತಿಗೆ ಎತ್ತಿದರು. ತಪ್ಪು ನನ್ನದೂ ಇದೆ. ಒಂಟಾರಿಯೊದಲ್ಲಿ ಹಳೆಯ ಕಾಂಡೊ ಕೊಳ್ಳುವವರು 100 ಡಾಲರ್ ಕಟ್ಟಿದರೆ ಸ್ಟೇಟಸ್ ಸರ್ಟಿಫಿಕೇಟ್ ಸಿಗುತ್ತದೆ. ಕಟ್ಟಡದ ಮೀಸಲು ನಿಧಿ ಎಷ್ಟಿದೆ, ಮೇಲೆ ದಾವೆಗಳಿವೆಯೇ, ಶುಲ್ಕ ಏರಲಿದೆಯೇ, ಎಲ್ಲವೂ ಅದರಲ್ಲಿರುತ್ತದೆ. ವಕೀಲರು ಓದಿದರು, ನಾನು ಮೊದಲ ಪುಟ ನೋಡಿ ಸಹಿ ಹಾಕಿದೆ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ಚೆನ್ನಾಗಿತ್ತು ಎಂದು ಎದ್ದುಬಂದ ಹಾಗೆ.

ಇನ್ನು ದಡ. ಇಲ್ಲಿ ನನ್ನ ದನಿ ಬದಲಾದರೆ ಕ್ಷಮಿಸಿ.

ಈ ನೆಲ ಹುಟ್ಟಿನಿಂದ ಬಂದದ್ದಲ್ಲ. ಸರೋವರದ ಹಳೆಯ ಅಂಚು ಫ್ರಂಟ್ ಸ್ಟ್ರೀಟ್ ಬಳಿ ಇತ್ತು, ರಸ್ತೆಯ ಹೆಸರಿನಲ್ಲೇ ಗುರುತು ಉಳಿದಿದೆ. ಅದರ ದಕ್ಷಿಣಕ್ಕಿರುವುದೆಲ್ಲ ರೈಲಿಗೆ, ಗೋದಾಮಿಗೆ, ಹಡಗುಕಟ್ಟೆಗೆ ಎಂದು ಮಣ್ಣು ತುಂಬಿ ಮಾಡಿದ್ದು. 1972ರಲ್ಲಿ ಕೇಂದ್ರ ಸರ್ಕಾರ ಇಲ್ಲಿನ ಜಮೀನನ್ನು ಹಾರ್ಬರ್‌ಫ್ರಂಟ್ ಎಂಬ ಹೆಸರಿನಲ್ಲಿ ಜನರಿಗಾಗಿ ತೆಗೆದಿಟ್ಟಿತು. ಆದರೆ ಎಂಬತ್ತರ ದಶಕದಲ್ಲಿ ಖರ್ಚು ಸರಿದೂಗಿಸಲು ಅದರ ತುಂಡುಗಳು ಕಟ್ಟಡದವರ ಕೈಸೇರಿ, ನೀರಿಗೂ ಊರಿಗೂ ನಡುವೆ ಗೋಪುರಗಳ ಸಾಲು ಎದ್ದಿತು. ಊರವರು ಕಾಂಕ್ರೀಟ್ ಗೋಡೆ ಎಂದು ರೇಗಿದರು. ಗಲಾಟೆ ಎಷ್ಟಾಯಿತೆಂದರೆ 1988ರಲ್ಲಿ ಮಾಜಿ ಮೇಯರ್ ಡೇವಿಡ್ ಕ್ರಾಂಬಿ ಅವರ ನೇತೃತ್ವದಲ್ಲಿ ದಡದ ಭವಿಷ್ಯಕ್ಕೆಂದೇ ರಾಯಲ್ ಕಮಿಷನ್ ಎಂಬ ಸರ್ಕಾರಿ ವಿಚಾರಣಾ ಆಯೋಗ ಕೂತಿತು. ಮುಂದೆ 2001ರಲ್ಲಿ ಕೇಂದ್ರ, ಪ್ರಾಂತ, ನಗರ ಮೂರೂ ಸೇರಿ ವಾಟರ್‌ಫ್ರಂಟ್ ಟೊರಾಂಟೊ ಎಂಬ ಸಂಸ್ಥೆ ಮಾಡಿದವು.

ನಾವು ಬಂದಾಗ ಮನೆಯ ಮುಂದೆ ಬೇಲಿ, ಧೂಳು, ಕಿತ್ತುಹಾಕಿದ ಹಳಿಗಳು. 2015ರ ಜೂನ್‌ನಲ್ಲಿ ಬೇಲಿ ತೆಗೆದರು. ನಾಲ್ಕು ಸಾಲು ಕಾರು ಓಡುತ್ತಿದ್ದ ರಸ್ತೆ ಎರಡಕ್ಕೆ ಇಳಿದು ಉತ್ತರಕ್ಕೆ ಸರಿದಿತ್ತು. ನಡುವೆ ಸ್ಟ್ರೀಟ್‌ಕಾರ್ ಎಂಬ ಟ್ರಾಮ್, ಅದರಾಚೆ ಸೈಕಲ್ ದಾರಿ, ಎರಡು ಸಾಲು ಮರ, ಮೇಪಲ್ ಎಲೆಯ ಚಿತ್ತಾರದಲ್ಲಿ ಗ್ರಾನೈಟ್ ತುಂಡು ಜೋಡಿಸಿದ ಅಗಲವಾದ ನಡೆದಾರಿ. ಹೊಸ ಏರ್ಪಾಟು ಅರ್ಥವಾಗದೆ ಕಾರಿನವರು ಮತ್ತೆ ಮತ್ತೆ ಸ್ಟ್ರೀಟ್‌ಕಾರ್ ಸುರಂಗದೊಳಗೆ ನುಗ್ಗಿ ಸಿಕ್ಕಿಹಾಕಿಕೊಂಡದ್ದು ಬೇರೆಯೇ ಮನರಂಜನೆ. ನನ್ನ ಮನೆಯ ಬೆಲೆ ಆ ವರ್ಷ ಏರಿತು. ಕಟ್ಟಡದವರು ಒಂದು ಮೊಳೆಯನ್ನೂ ಹೊಸದಾಗಿ ಹೊಡೆದಿರಲಿಲ್ಲ. ಏರಿಸಿದ್ದು ತೆರಿಗೆಯ ದುಡ್ಡಿನಲ್ಲಿ ಹಾಸಿದ ಕಲ್ಲು.

ಪಶ್ಚಿಮಕ್ಕೆ ನಡೆದರೆ ಅಲೆಯಂತೆ ಬಾಗಿದ ಮರದ ಜಗಲಿಗಳು, ಹಳದಿ ಛತ್ರಿಗಳ ಎಚ್‌ಟಿಒ ಪಾರ್ಕ್. ಯಾರ್ಕ್ ರಸ್ತೆಯ ಮೂಲೆಯಲ್ಲಿ ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಎಂಬ ಮೇಲ್ಸೇತುವೆ ಹೆದ್ದಾರಿಯಿಂದ ಸುರುಳಿ ಸುತ್ತಿ ಇಳಿಯುತ್ತಿದ್ದ ರ‍್ಯಾಂಪ್ ಇತ್ತು. 2017ರಲ್ಲಿ ಅದನ್ನು ಒಡೆದದ್ದನ್ನು ಲಿಫ್ಟ್ ಬಳಿಯ ಕಿಟಕಿಯಿಂದ ದಿನವೂ ನೋಡಿದ್ದೇನೆ. 2023ರಲ್ಲಿ ಅದೇ ಜಾಗದಲ್ಲಿ ಹೃದಯದಾಕಾರದ ಕೊಳವಿರುವ ಲವ್ ಪಾರ್ಕ್ ತೆರೆಯಿತು. ಅದನ್ನು ರೂಪಿಸಿದ ಕ್ಲೋಡ್ ಕಾರ್ಮಿಯೆ ಅವರ ಕೈ ಎಚ್‌ಟಿಒದಲ್ಲೂ ಇದೆ, ಪೂರ್ವದ ಶುಗರ್ ಬೀಚ್‌ನಲ್ಲೂ ಇದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ಶುಗರ್ ಬೀಚ್‌ಗೆ ಅಮ್ಮನನ್ನು ಮೊದಲ ಸಲ ಕರೆದೊಯ್ದದ್ದು 2016ರಲ್ಲಿ. ಗುಲಾಬಿ ಛತ್ರಿಗಳ ಪಕ್ಕದಲ್ಲೇ ರೆಡ್‌ಪಾತ್ ಸಕ್ಕರೆ ಕಾರ್ಖಾನೆ, 1959ರಿಂದ ನಡೆಯುತ್ತಿದೆ. ಕಚ್ಚಾ ಸಕ್ಕರೆ ಹೊತ್ತ ಹಡಗು ನಿಂತಿತ್ತು, ಕ್ರೇನಿನ ಉಗುರುಗಳು ಕಂದು ಸಕ್ಕರೆಯನ್ನು ಬಾಚಿ ಎತ್ತುತ್ತಿದ್ದವು. ಅಮ್ಮ ಮದ್ದೂರಿನ ಕಡೆಯವರು. ಗಾಳಿ ತಿರುಗಿದ್ದೇ ತಡ, ಮೂಗರಳಿಸಿ "ಅಲ್ಲ ಕಣೇ, ಇಲ್ಲೂ ಆಲೆಮನೆ ಇದೆಯಾ?" ಎಂದರು. ಆಮೇಲೆ ಒಂದು ಗಂಟೆ ಅಲ್ಲಿಂದ ಏಳಲಿಲ್ಲ. ಕಾಂಡೊ ಬರುವ ಜಾಗದಲ್ಲಿ ಕಾರ್ಖಾನೆ ಇರಬಾರದು ಎನ್ನುವವರಿದ್ದಾರೆ. ಈ ದಡದಲ್ಲಿ ಕೆಲಸ ಮಾಡುವ ಹಡಗು ಅದೊಂದಾದರೂ ಇರಲಿ ಎಂಬುದು ನನ್ನ ಪಕ್ಷಪಾತ.

ದಡಕ್ಕೆ ಐದು ಕೊಡದಿರಲು ಎರಡು ಕಾರಣ. ಒಂದು, ನೀರು. 2017ರಲ್ಲಿ ಸರೋವರ ಉಕ್ಕಿ ಎದುರಿನ ದ್ವೀಪಗಳು ಮೇಯಿಂದ ಜುಲೈ ಕೊನೆಯವರೆಗೆ ಪ್ರವಾಸಿಗರಿಗೆ ಮುಚ್ಚಿದ್ದವು, 2019ರಲ್ಲಿ ನೀರು ಇನ್ನೂ ಮೇಲೆ ಬಂದಿತು. ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆಯಾದ್ದರಿಂದ ಜಡಿಮಳೆಗೆ ಅದು ತುಂಬಿ ಸರೋವರಕ್ಕೇ ಬೀಳುತ್ತದೆ. 2024ರ ಜುಲೈ 16ರ ಮಳೆಯ ಮರುದಿನ ನಮ್ಮೆದುರಿನ ನೀರು ಚಹಾದ ಬಣ್ಣದಲ್ಲಿತ್ತು, ಮೂಲೆಯಲ್ಲಿ ಬಾಟಲಿ, ಕಡ್ಡಿ, ಹೇಳಬಾರದ್ದು ಎಲ್ಲ ಸೇರಿತ್ತು.

ಎರಡನೆಯದು ನಮ್ಮಂಥ ಗೋಪುರಗಳ ಬುಡ. ದಡದಲ್ಲಿ ನಡೆಯುವವನಿಗೆ ಕಾಣುವುದು ನನ್ನ ಹದಿನೇಳನೆಯ ಮಹಡಿಯಲ್ಲ, ನೆಲಮಹಡಿ. ನಮ್ಮ ನೆಲಮಹಡಿಯಲ್ಲಿ ಏನಿದೆ? ಕಾರು ಇಳಿಯುವ ಬಾಯಿ, ಕಸದ ಲಾರಿಯ ಬಾಗಿಲು, ಒಬ್ಬ ದಂತವೈದ್ಯ, ಪರದೆ ಎಳೆದ ವ್ಯಾಯಾಮಶಾಲೆ. ಕೂರಲು ಒಂದು ಕಲ್ಲುಕಟ್ಟೆ ಇತ್ತು, ಜನ ಕೂರುತ್ತಾರೆ ಎಂಬ ದೂರಿನ ಮೇಲೆ ಅದಕ್ಕೆ ಕಬ್ಬಿಣದ ಗೂಟ ಹೊಡೆಸಿದರು. ಮಹಾಸಭೆಯಲ್ಲಿ ನಾನು ವಿರೋಧಿಸಿದೆ, ನನ್ನ ಪರವಾಗಿ ಎದ್ದ ಕೈಗಳು ಒಂಬತ್ತು.

ದೂರದ ಪೂರ್ವದಲ್ಲಿ ಡಾನ್ ನದಿಗೆ ಹೊಸ ಮುಖವನ್ನೇ ತೋಡಿ, 2025ರ ಜುಲೈಯಲ್ಲಿ ಬೀದಾಸಿಗೆ ಎಂಬ ಪಾರ್ಕ್ ತೆರೆದಿದ್ದಾರೆ. ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಭಾಷೆಯ ಹೆಸರು, ನಮ್ಮ ಕಿವಿಗೆ ಚತುರ್ಥಿ ವಿಭಕ್ತಿ ಹಚ್ಚಿದಂತೆ ಕೇಳಿಸುತ್ತದೆ. ಅಲ್ಲಿ ಪಾರ್ಕ್ ಮೊದಲು ಬಂದಿದೆ, ಮನೆಗಳು ಆಮೇಲೆ ಏಳಬೇಕು. ನಮ್ಮ ಕಡೆ ತಿರುಗುಮುರುಗಾಗಿತ್ತು.

ಕೊಳ್ಳುವ ಯೋಚನೆ ಇರುವವರನ್ನು ಏಜೆಂಟರು ಜೂನ್‌ನಲ್ಲಿ ಕರೆಯುತ್ತಾರೆ. ನೀವು ಜನವರಿಯ ಒಂದು ಮಂಗಳವಾರ ಸಂಜೆ ಆರಕ್ಕೆ ಬನ್ನಿ. ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ಸ್ಟ್ರೀಟ್‌ಕಾರ್ ಹತ್ತದೆ, ಗಾರ್ಡಿನರ್ ಕೆಳಗಿನ ತೊಟ್ಟಿಕ್ಕುವ ಕತ್ತಲೆಯಲ್ಲಿ ನಡೆದುಕೊಂಡೇ ದಡ ತಲುಪಿ. ಕಟ್ಟಡದ ಸುತ್ತ ಒಂದು ಸುತ್ತು ಹಾಕಿ, ಎಷ್ಟು ಕಿಟಕಿಗಳಲ್ಲಿ ದೀಪವಿದೆ ಎಣಿಸಿ. ಆಮೇಲೆ ಬೇಕಾದರೆ ಲಿಫ್ಟ್ ಹತ್ತಿ. ಟೋಪಿ ಮರೆಯಬೇಡಿ, ನೀರಿನ ಕಡೆಯ ಗಾಳಿ ಕಿವಿ ಕಿತ್ತುಕೊಂಡು ಹೋಗುತ್ತದೆ.