20 ಅಡಿ, 40 ಅಡಿ, ಹೈ ಕ್ಯೂಬ್: ಯಾವ ಸರಕಿಗೆ ಯಾವ ಕಂಟೇನರ್?

ಗ್ರಾನೈಟಿನಂಥ ಭಾರದ ಸರಕಾದರೆ ಕಣ್ಣುಮುಚ್ಚಿ 20 ಅಡಿಯದನ್ನೇ ತಗೊಳ್ಳಿ. ಒಳಗೆ ಸುಮಾರು 33 ಸಿಬಿಎಂ (ಘನ ಮೀಟರ್) ಜಾಗ. ಒಟ್ಟು ತೂಕದ ಮಿತಿ 30,480 ಕಿಲೊ ಇದ್ದರೆ, ಖಾಲಿ ಪೆಟ್ಟಿಗೆಯ 2.3 ಟನ್ ಕಳೆದು ಸರಕಿಗೆ ಉಳಿಯುವುದು 28 ಟನ್. ಗ್ರಾನೈಟ್ ಒಂದು ಸಿಬಿಎಂಗೆ 2.7 ಟನ್ ತೂಗುತ್ತದೆ. ಹತ್ತು ಸಿಬಿಎಂ ತುಂಬುವಷ್ಟರಲ್ಲಿ ತೂಕ ಮುಗಿದಿರುತ್ತದೆ. ಅದೇ ಮಿತಿಯ 40 ಅಡಿಯದಕ್ಕೆ ಹೋದರೆ ಪೆಟ್ಟಿಗೆಯ ತೂಕವೇ 3.7 ಟನ್, ಹಿಡಿಸುವ ಕಲ್ಲು ಇನ್ನೂ ಕಡಿಮೆ. ಮಿತಿ ಕಂಟೇನರಿನಿಂದ ಕಂಟೇನರಿಗೆ ಬೇರೆ. ಬಾಗಿಲ ಮೇಲೆ ಬರೆದಿರುತ್ತದೆ, ಅದನ್ನೇ ನಂಬಿ.

ಕಾಫಿಗೂ 20 ಅಡಿಯೇ ವಾಡಿಕೆ: 60 ಕಿಲೊದ 320 ಚೀಲ, 19.2 ಟನ್. ಇಲ್ಲಿ ಕಾಟ ಕೊಡುವುದು ತೇವ. ತಣ್ಣನೆಯ ಸಮುದ್ರ ತಲುಪಿದಾಗ ಚಾವಣಿಯಲ್ಲಿ ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಒಳಗೋಡೆಗೆ ಕ್ರಾಫ್ಟ್ ಎಂಬ ದಪ್ಪ ಕಂದು ಕಾಗದ, ತೇವ ಹೀರುವ ಚೀಲ ಕಡ್ಡಾಯವೆಂದೇ ಇಟ್ಟುಕೊಳ್ಳಿ. ತುಂಬುವ ಮುನ್ನ ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಲಿ. ಎಲ್ಲಾದರೂ ಬೆಳಕು ಕಂಡರೆ ಆ ಪೆಟ್ಟಿಗೆ ವಾಪಸ್.

ಹಗುರವಾಗಿ ಜಾಗ ನುಂಗುವ ಪೀಠೋಪಕರಣ, ಸಿದ್ಧ ಉಡುಪಿಗೆ 40 ಅಡಿ ಹೈ ಕ್ಯೂಬ್, ಅಂದರೆ ಎತ್ತರ ಹೆಚ್ಚಿರುವ ಕಂಟೇನರ್. ಸಾದಾ 40 ಅಡಿಯದು 67 ಸಿಬಿಎಂ, ಇದು 76. ಆದರೆ ಒಳಗಿನ ಎತ್ತರ 2.69 ಮೀಟರ್ ಎಂದು ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಮೇಲೆ ಅಷ್ಟೆತ್ತರ ಕಟ್ಟಬೇಡಿ: ಬಾಗಿಲು 2.58 ಮಾತ್ರ. ಸಾದಾ ಕಂಟೇನರಿನಲ್ಲೂ ಇದೇ ಕಥೆ, ಒಳಗೆ 2.39, ಬಾಗಿಲಲ್ಲಿ 2.28. ಅಗಲ 2.35 ಮೀಟರ್ ಆದ್ದರಿಂದ 1.2 ಮೀಟರಿನ ಎರಡು ಪ್ಯಾಲೆಟ್ ಅಕ್ಕಪಕ್ಕ ಕೂರುವುದಿಲ್ಲ, ಐದು ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಒಂದನ್ನು ಅಡ್ಡ ತಿರುಗಿಸಿ, ಉಳಿದ ಸಂದಿಗೆ ಗಾಳಿಚೀಲ ಹಾಕಬೇಕು. ಹೈ ಕ್ಯೂಬ್ ಸಾದಾ ಕಂಟೇನರಿಗಿಂತ ಒಂದು ಅಡಿ ಹೆಚ್ಚು ಎತ್ತರ. ಕಾರ್ಖಾನೆ ಗೇಟಿನ ಕಮಾನನ್ನು ಮೊದಲೇ ಅಳೆದಿಡಿ.

ಸರಕು ಕಡಿಮೆಯಿದ್ದರೆ ಎಲ್‌ಸಿಎಲ್, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್ ಹಂಚಿಕೊಳ್ಳುವುದು. ಒಂದು ಸಿಬಿಎಂ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ದುಡ್ಡು ಸೋರುವುದು ಉಬ್ಬಿದ ರಟ್ಟಿನ ಪೆಟ್ಟಿಗೆಯಲ್ಲಿ. 60×40×30 ಸೆಂಟಿಮೀಟರಿನ ನೂರು ಪೆಟ್ಟಿಗೆ ಎಂದರೆ 7.2 ಸಿಬಿಎಂ, ಎಲ್ಲ ಅಳತೆ ಎರಡೇ ಸೆಂಟಿಮೀಟರ್ ಉಬ್ಬಿದರೆ 8.33. ಗೋದಾಮಿನಲ್ಲಿ ಟೇಪು ಹಿಡಿಯುವುದು ಉಬ್ಬಿದ ಕಡೆಯೇ!

ಪೂರ್ತಿ ಕಂಟೇನರಿಗೆ ವಿಜಿಎಂ (ಖಚಿತಪಡಿಸಿದ ಒಟ್ಟು ತೂಕ) ಕೊಡದೆ ಹಡಗು ಹತ್ತಿಸುವುದಿಲ್ಲ, 2016ರ ಜುಲೈ 1ರಿಂದ ನಿಯಮ. ಕೂಡುವಾಗ ಸರಕಿನ ಜೊತೆ ಪ್ಯಾಲೆಟ್, ಆನಿಕೆ ಮರ, ಖಾಲಿ ಕಂಟೇನರ್ ಮೂರರ ತೂಕವೂ ಸೇರಬೇಕು.