ಮ್ಯಾಕ್ರೊ ಸೆಟ್ ಕೊಳ್ಳುವ ಮುಂಚೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ

ನನಗೆ ಹಾಳಾದ ಹಳೇ ಲೆನ್ಸ್ ಮಾರಿದ ಮನುಷ್ಯನ ಜಾಹೀರಾತು ನಿನ್ನೆ ರಾತ್ರಿ ಮತ್ತೆ ಕಂಡಿತು. ಅದೇ ಮಾತು: ‘50 ಎಂಎಂ ಲೆನ್ಸ್, ಜೊತೆಗೆ ಎಕ್ಸ್‌ಟೆನ್ಷನ್ ಟ್ಯೂಬ್, ಒಂದೇ ಕೈಯಲ್ಲಿ ಬಳಸಿದ್ದು, ಹೊಸದರ ಹಾಗಿದೆ.’ ನನಗೂ ಹೀಗೇ ಬರೆದಿದ್ದ. ನಿದ್ದೆ ಬರಲಿಲ್ಲ. ಇನ್ನೊಬ್ಬರು ಹೋಗಿ ಸಿಕ್ಕಿಬೀಳಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿದರೆ ತೋಟದ ತುಂಬ ಅಣಬೆ. ಹುತ್ತದ ಹತ್ತಿರ ಏಳುವ ದೊಡ್ಡವನ್ನು ಮೊಬೈಲಿನಲ್ಲೇ ತೆಗೆಯಬಹುದು. ನನಗೆ ಬೇಕಿದ್ದದ್ದು ಬಿದ್ದ ಸೋಗೆಯ ಮೇಲೆ, ಕೊಳೆತ ಕಡ್ಡಿಯ ಮೇಲೆ ಬರುವ ಪುಟ್ಟವು. ಬೆಂಕಿಕಡ್ಡಿಯ ತಲೆಯಷ್ಟೇ ಇರುತ್ತವೆ. ಎರಡು ದಿನದಲ್ಲಿ ಕರಗಿ ಹೋಗುತ್ತವೆ. ಇಂಥ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ನಿಜವಾದ ಮ್ಯಾಕ್ರೊ ಲೆನ್ಸ್ ನಮ್ಮ ಕೈಗೆ ಎಟುಕುವುದಲ್ಲ. 50 ಎಂಎಂ ಲೆನ್ಸಿನ ಹಿಂದೆ ಟ್ಯೂಬ್ ಹಾಕಿದರೆ ಕಡಿಮೆ ದುಡ್ಡಿನಲ್ಲಿ ಕೆಲಸ ಆಗುತ್ತದೆ. ಟ್ಯೂಬ್ ಅಂದರೆ ಗಾಜೇ ಇಲ್ಲದ ಕೊಳವೆ. ಲೆನ್ಸನ್ನು ಮುಂದೆ ತಳ್ಳುತ್ತದೆ, ಹತ್ತಿರದ ವಸ್ತುವಿಗೆ ಫೋಕಸ್ ಸಿಗುತ್ತದೆ. ಒಟ್ಟು 50 ಎಂಎಂ ಉದ್ದ ಹಾಕಿದರೆ ಅಣಬೆ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಭಾಗದ) ಮೇಲೆ ತನ್ನ ನಿಜವಾದ ಗಾತ್ರದಲ್ಲೇ ಬೀಳುತ್ತದೆ.

ಆ ಮನುಷ್ಯ ಸೆಟ್ಟಿಗೆ 6,500 ಹೇಳಿದ, 6,000ಕ್ಕೆ ಒಪ್ಪಿದ. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಭೇಟಿ. ಆಟೋ ಟ್ಯೂಬ್ ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಸಂಪರ್ಕ ಕೊಡುವ ಪಿನ್ನುಗಳಿರುವುದು. ‘ಟ್ಯೂಬ್ ಆಟೋ ತಾನೇ?’ ಅಂತ ಎರಡು ಸಲ ಕೇಳಿದೆ. ‘ಹೌದಣ್ಣಾ, ಫುಲ್ ಆಟೋ.’ ಮಳೆ ಜಾಸ್ತಿ ಅಂತ ನನ್ನ ಕ್ಯಾಮೆರಾ ಒಯ್ದಿರಲಿಲ್ಲ. ಅಲ್ಲೇ ಕೆಟ್ಟಿದ್ದು. ಅವನೇ ತನ್ನ ಕ್ಯಾಮೆರಾಕ್ಕೆ ಬರೀ ಲೆನ್ಸ್ ಹಾಕಿ ಕಾಫಿ ಲೋಟದ ಫೋಟೋ ತೆಗೆದು ತೋರಿಸಿದ. ಸಣ್ಣ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಲೆನ್ಸನ್ನು ಕಿಟಕಿಗೆ ಹಿಡಿದು ‘ನೋಡಿ, ನೀರಿನ ಹಾಗಿದೆ’ ಅಂದ. ಬೆಳ್ಳನೆ ಆಕಾಶಕ್ಕೆ ಹಿಡಿದರೆ ಏನು ಕಾಣುತ್ತದೆ? ಆಗ ಹೊಳೆಯಲಿಲ್ಲ. ಮೊಬೈಲಿನಲ್ಲೇ ದುಡ್ಡು ಹಾಕಿ ಖುಷಿಯಿಂದ ಬಸ್ ಹತ್ತಿದೆ.

ರಾತ್ರಿ ಮನೆಯಲ್ಲಿ ಕರೆಂಟ್ ಇರಲಿಲ್ಲ. ತಡೆಯಲಾಗದೆ ತೋಟದಿಂದ ಒಂದು ಕಡ್ಡಿ ತಂದು, ಟಾರ್ಚ್ ಬೆಳಕಿನಲ್ಲಿ ಟ್ಯೂಬ್ ಹಾಕಿದೆ. ಪರದೆಯಲ್ಲಿ ಎಫ್ 00 ಅಂತ ಬಂತು. ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಸಂಪರ್ಕವೇ ಇಲ್ಲ. ಟ್ಯೂಬಿನಲ್ಲಿ ಪಿನ್ನುಗಳೇ ಇಲ್ಲ! ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಪೂರ್ತಿ ತೆರೆದೇ ಉಳಿಯಿತು. ಅದು ಕಿರಿದಾಗದಿದ್ದರೆ ಹತ್ತಿರದ ವಸ್ತುವಿನ ತೆಳು ಭಾಗ ಮಾತ್ರ ಸ್ಪಷ್ಟ ಬರುತ್ತದೆ. ಅಣಬೆಯ ಒಂದು ಅಂಚು ಕೂದಲೆಳೆಯಷ್ಟು ಸ್ಪಷ್ಟ, ಉಳಿದದ್ದೆಲ್ಲ ಮಂಜು.

ಲೆನ್ಸ್ ಬಿಚ್ಚಿ, ಏನೋ ಅನುಮಾನ ಬಂದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟೆ.

ಬೂಸ್ಟು. ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಜೇಡನ ನೂಲಿನ ಹಾಗೆ ಕವಲೊಡೆದು ಹರಡಿತ್ತು. ಮಳೆಗಾಲದಲ್ಲಿ ಬೆಲ್ಟಿಗೆ, ಚಪ್ಪಲಿಗೆ ಹಿಡಿಯುವುದು ನಮಗೆ ಹೊಸದಲ್ಲ ಅಲ್ವಾ? ಗೊತ್ತಿದ್ದೂ ನೋಡಲಿಲ್ಲ. ಮೇಲಿನ ಗಾಜನ್ನು ಒರೆಸಿದೆ. ಮತ್ತೆ ಒರೆಸಿದೆ. ಅದು ಒಳಗಿತ್ತು, ಎಲ್ಲಿ ಹೋಗುತ್ತದೆ? ‘ಹೇಗಿದೆ ಲೆನ್ಸು?’ ಅಂತ ಹೆಂಡತಿ ಕೇಳಿದಳು. ‘ಚೆನ್ನಾಗಿದೆ’ ಅಂದೆ. ಆ ಸುಳ್ಳು ಹೇಳುವಾಗ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಫೋಟೋ ಕಳಿಸಿದೆ. ‘ಅದು ಧೂಳು ಅಣ್ಣಾ’ ಅಂದ. ಧೂಳು ಕವಲೊಡೆಯುತ್ತದಾ ಅಂತ ಕೇಳಿದ್ದಕ್ಕೆ, ‘ಮಲೆನಾಡಲ್ಲಿ ಯಾರ ಲೆನ್ಸಲ್ಲಿ ಫಂಗಸ್ ಇಲ್ಲ ಹೇಳಿ?’ ಹಾಗಾದರೆ ಗೊತ್ತಿತ್ತು! ಗೊತ್ತಿದ್ದೇ ಕೊಟ್ಟ! ಆಮೇಲೆ, ‘ನಿಮ್ಮನೇಲೇ ಹಿಡಿದಿರಬೇಕು.’ ಒಂದೇ ಸಂಜೆಯಲ್ಲಾ? ಟ್ಯೂಬಿನ ಬಗ್ಗೆ ಕೇಳಿದರೆ, ‘ಆಟೋ ಅಂದ್ರೆ ಕ್ಯಾಮೆರಾನ ಆಟೋದಲ್ಲಿಟ್ರೆ ಆಗತ್ತೆ ಅಂತ.’ ಕೊನೆಗೆ, ‘ನೋಡಿ ತಗೊಂಡಿದ್ದೀರಲ್ಲ ಅಣ್ಣಾ, ಈಗ ಹೀಗಂದ್ರೆ ಹೇಗೆ?’ ಆ ಮಾತು ಚುಚ್ಚಿತು. ಹೌದು, ನೋಡಿಯೇ ತಗೊಂಡಿದ್ದೆ. ಮಾರನೇ ದಿನದಿಂದ ಫೋನ್ ಎತ್ತಲಿಲ್ಲ.

ರಿಪೇರಿಯವರಿಗೆ ತೋರಿಸಿದೆ. ಬಿಚ್ಚಿ ಒರೆಸಬಹುದು, ಆದರೆ ಬೂಸ್ಟು ಗಾಜಿನ ಮೇಲಿನ ಲೇಪವನ್ನೇ ತಿಂದಿದ್ದರೆ ಕಲೆ ಹೋಗುವುದಿಲ್ಲ ಅಂದರು. ಈಗ ಅದನ್ನು ಬೇರೆ ಡಬ್ಬಿಯಲ್ಲಿ, ಉಳಿದ ಲೆನ್ಸಿನಿಂದ ದೂರ ಇಟ್ಟಿದ್ದೇನೆ.

ನಿಮ್ಮ ಕ್ಯಾಮೆರಾ ಒಯ್ಯಿರಿ, ಎಷ್ಟೇ ಮಳೆಯಿರಲಿ. ಟಾರ್ಚ್ ಒಯ್ಯಿರಿ. ಟ್ಯೂಬಿನ ಎರಡೂ ತುದಿಯಲ್ಲಿ ಬಂಗಾರದ ಬಣ್ಣದ ಪಿನ್ನುಗಳಿವೆಯಾ ನೋಡಿ. ಪಿನ್ನಿಲ್ಲದ್ದು ಹೊಸದೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಕೆಟ್ಟದ್ದೇನಲ್ಲ. ಕ್ಯಾನನ್ ಆದರೆ ಲೆನ್ಸನ್ನು ನೇರ ಕ್ಯಾಮೆರಾಕ್ಕೆ ಹಾಕಿ, ಅಪರ್ಚರನ್ನು ಎಫ್ 8ಕ್ಕೆ ಕಿರಿದು ಮಾಡಿಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ (ಫೋಟೋ ತೆಗೆಯುವ ಮುಂಚೆಯೇ ಅಪರ್ಚರ್ ಕಿರಿದಾಗಿಸುವುದು) ಒತ್ತಿ ಹಿಡಿದೇ ಲೆನ್ಸ್ ತೆಗೆದರೆ ಅಪರ್ಚರ್ ಅಷ್ಟರಲ್ಲೇ ನಿಲ್ಲುತ್ತದೆ. ಇದನ್ನು ಹೇಳಿ ಸರಿಯಾದ ಬೆಲೆಗೆ ಕೊಟ್ಟಿದ್ದರೆ ನಾನು ಖುಷಿಯಿಂದಲೇ ಕೊಳ್ಳುತ್ತಿದ್ದೆ.

ನಿನ್ನೆಯ ಜಾಹೀರಾತಿನಲ್ಲಿ ಇನ್ನೊಂದು ಸೆಟ್ ಇಟ್ಟಿದ್ದಾನೆ. ಈ ಸಲ 7,000 ಅಂತ ಹಾಕಿದ್ದಾನೆ.