ಜಿಪಿಎ ಇದೆ ಅಂತ ಸುಮ್ನೆ ಕೂರಬೇಡಿ

ತೀರ್ಥಹಳ್ಳಿ ಕಡೆ ನಮ್ಮದು ಎರಡೆಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಹಳೇ ಮನೆ. ಎಲ್ಲ ಅಪ್ಪ ದುಡಿದು ಕೊಂಡಿದ್ದು. ಕಾಲು ನೋವಿಗೆ ಓಡಾಟ ಕಷ್ಟ ಆದಾಗ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ), ಅಂದರೆ ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರದ ಪತ್ರ ಮಾಡಿಸಿದರು. ಪತ್ರ ಬರೆದವರು "ಇದೊಂದಿದ್ರೆ ಸಾಕು, ಮುಂದೆಲ್ಲ ಮಗನೇ ನೋಡ್ಕೋತಾನೆ" ಅಂದರು, ನಾವೂ ನಂಬಿದೆವು. ವಿಲ್ ಮಾತೆತ್ತಿದರೆ ಅಪ್ಪ "ಕೊಯ್ಲು ಮುಗೀಲಿ" ಅನ್ನುತ್ತಿದ್ದರು. ಮಲೆನಾಡಲ್ಲಿ ಕೆಲಸ ಯಾವತ್ತು ಮುಗಿದಿದೆ ಹೇಳಿ? ಕೊಯ್ಲಾದರೆ ಸುಲಿಯೋದು, ಆಮೇಲೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದು.

ಮಳೆಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಶಿವಮೊಗ್ಗದಲ್ಲಿ ಆಸ್ಪತ್ರೆ ಬಿಲ್ ಏರುತ್ತಲೇ ಇತ್ತು, ಅವರಿಗೆ ಪ್ರಜ್ಞೆ ಇರಲಿಲ್ಲ. ಜಿಪಿಎ ಇದೆಯಲ್ಲ ಅಂತ ಗದ್ದೆ ಮಾರಲು ಕರಾರು ಮಾಡಿ ಎರಡು ಲಕ್ಷ ಮುಂಗಡ ತಗೊಂಡೆ. ರಿಜಿಸ್ಟ್ರೇಷನ್‌ಗೆ ಮೂರು ದಿನ ಇರುವಾಗ ಅಪ್ಪ ಹೋದರು.

ಕಾರ್ಯವೆಲ್ಲ ಮುಗಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಮೊದಲ ಪ್ರಶ್ನೆ, "ಪವರ್ ಕೊಟ್ಟವರು ಇದ್ದಾರಾ?" ಇಲ್ಲ ಅಂದೆ. "ಹಾಗಾದ್ರೆ ಇದೂ ಇಲ್ಲ."

ಅಷ್ಟೇ. ಕೊಟ್ಟವರು ತೀರಿಕೊಂಡ ಕೂಡಲೇ ಪವರ್ ಕೂಡ ಮುಗೀತದೆ. ವಕೀಲರು ಹೇಳಿದ್ದು ಕೇಳಿ ಇನ್ನೂ ಬೆವರಿದೆ: 1872ರ ಕಾಂಟ್ರ್ಯಾಕ್ಟ್ ಕಾಯ್ದೆ ಪ್ರಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೂ ಅದು ನಿಲ್ಲುತ್ತದಂತೆ. ಅಂದರೆ ಅಪ್ಪ ಐಸಿಯುನಲ್ಲಿದ್ದಾಗ ನಾನು ಹಾಕಿದ ಸಹಿಯೇ ಅನುಮಾನ! ಅದು ಬೇಕಾಗಿದ್ದೇ ಆವಾಗ, ಅಲ್ವಾ?

ಆಮೇಲೆ ಟ್ರಂಕಿನಲ್ಲಿ ಒಂದು ಪತ್ರ ಸಿಕ್ಕಿತು. ಮನೆ ಅಮ್ಮನಿಗೆ ಅಂತ ಅಪ್ಪನೇ ಕೈಯಾರೆ ಬರೆದಿದ್ದರು, ಐವತ್ತು ರೂಪಾಯಿ ಛಾಪಾ ಕಾಗದದಲ್ಲಿ. ಸಾಕ್ಷಿ ಒಬ್ಬರದೇ ಸಹಿ, ಎರಡನೇ ಜಾಗ ಖಾಲಿ. ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ರಿಜಿಸ್ಟರ್ ಮಾಡಿಸಿದರೆ ಒಳ್ಳೇದು, ಆದರೆ ಕಡ್ಡಾಯವಲ್ಲ. ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು. ಬೇಡದ್ದಕ್ಕೆ ದುಡ್ಡು ಕೊಟ್ಟು, ಬೇಕಾದ್ದನ್ನೇ ಬಿಟ್ಟಿದ್ದರು ನಮ್ಮಪ್ಪ.

ಆ ವಿಲ್ ನಿಲ್ಲಲ್ಲ, ಹಾಗಾಗಿ ಈಗ ಅಮ್ಮ, ನಾನು, ಇಬ್ಬರು ತಂಗಿಯರು, ನಾಲ್ಕು ಸಮಪಾಲು. ತಂಗಿಯರ ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಗದ್ದೆ ಮಾರುವ ಹಾಗಿಲ್ಲ, ಚಿಕ್ಕವಳು ಪುಣೆಯಿಂದ ಬರಬೇಕು, ತಂಗಿ ಗಂಡನಿಗೆ ಮನೆಯಲ್ಲಿನ ಪಾಲನ್ನೂ ಬಿಟ್ಟುಕೊಡೋಕೆ ಮನಸ್ಸಿಲ್ಲ. ಗದ್ದೆ ಕೊಳ್ಳುವವರು ಕಾಯಲಿಲ್ಲ. ಅಡಿಕೆ ಮಂಡಿಯಲ್ಲಿ ಸಾಲ ತಂದು ಎರಡು ಲಕ್ಷ ವಾಪಸ್ ಕೊಟ್ಟೆ.

ನಿಮ್ಮ ಮನೆಯಲ್ಲಿ ವಿಲ್ ಇದ್ದರೆ ಇವತ್ತೇ ತೆಗೆದು ಸಾಕ್ಷಿ ಸಹಿ ಎಣಿಸಿ. ಸಾಕ್ಷಿಗಳು ಬರೆದವರಿಗಿಂತ ಚಿಕ್ಕವರಿರಲಿ, ನಾಳೆ ಕೋರ್ಟಿಗೆ ಬಂದು ಹೇಳುವವರು ಅವರೇ. ಅಪ್ಪನ ಆ ಒಬ್ಬ ಸಾಕ್ಷಿಯೂ ಅವರಿಗಿಂತ ಎರಡು ವರ್ಷ ಮೊದಲೇ ಹೋಗಿದ್ದರು.